ಸುಂಕದವನ ಕಿವಿ

ಸಿಯಾವೊಂಗಾದ ದಂಡೆಯಲ್ಲಿ ಕಪೆಂಟಾ ಒಣಗುತ್ತಿದೆ,
ಬೆರಳುದ್ದವೂ ಇಲ್ಲದ ಬೆಳ್ಳಿ ಮೀನು,
ಹಳೆಯ ಬಲೆಯ ಮೇಲೆ ಉಪ್ಪು ಚೆಲ್ಲಿದ ಹಾಗೆ.
ಲುಯಾಂಡೊ ಒಂದು ಕೈಯಲ್ಲಿ ಕಾಗೆ ಓಡಿಸುತ್ತಾಳೆ,
ಇನ್ನೊಂದರಲ್ಲಿ ಫೋನು.

ಫೋನಿನಲ್ಲಿ ಕರೆನ್ಸಿಯಿಲ್ಲ. ಆದರೂ ಅದು ಸತ್ತಿಲ್ಲ.
ಕಂಪನಿ ಒಂದು ಬಾಗಿಲು ಬಿಟ್ಟಿ ತೆರೆದಿಟ್ಟಿದೆ:
ಗೆಳತಿಯರ ಮಾತುಂಟು, ಮದುವೆಯ ಸುದ್ದಿಯುಂಟು,
ಹಾಡಿನ ಹೆಸರುಂಟು, ಹಾಡಿಲ್ಲ.
ಚಿತ್ರ ಇರಬೇಕಾದಲ್ಲಿ ಬೂದು ಚೌಕ,
ಚೌಕದೊಳಗೆ ಒಂದು ಸಾಲು, ಬಹಳ ವಿನಯದ್ದು:
‘ನೀವೀಗ ಹೊರಗೆ ಹೋಗುತ್ತಿದ್ದೀರಿ. ಶುಲ್ಕ ತಗಲುತ್ತದೆ.’

ಹೊರಗೆ ಅಂದರೆ ಎಲ್ಲಿಗೆ?
ಅವಳು ಕೂತಿರುವುದೇ ಹೊರಗೆ,
ಬಿಸಿಲಲ್ಲಿ, ಕಲ್ಲಿನ ಮೇಲೆ.

ಹೋದ ತಿಂಗಳು ಶಾಲೆಯ ಅಂಗಳದಲ್ಲಿ ಸಭೆ ಸೇರಿತ್ತು.
ಲುಸಾಕಾದಿಂದ ಬಂದವನು ಟೀ ಶರ್ಟು ಹಂಚಿದ,
ಎಲ್ಲರಿಗೂ ಒಂದೇ ಅಳತೆ.
‘ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಇರಲಿ, ಅಲ್ಲವೇ?’
ಹಮೂಂಗಾ ಮೇಷ್ಟ್ರು ಎದ್ದು ನಿಂತರು:
‘ದಾರಿ ಹಾಕಿದ್ದು ನೀವು, ಒಪ್ಪಿದೆ.
ಯಾರ ಗಾಡಿ ಮುಂದೆ, ಯಾರದು ಕೆಸರಲ್ಲಿ,
ಅದನ್ನು ಹೇಳಲಿಕ್ಕೆ ನೀವು ಯಾರು?’
ಮೀನು ಮಾರುವ ಚಿಪೆಗೊ ಅಡ್ಡಬಾಯಿ ಹಾಕಿದಳು:
‘ನಿಮಗೇನು ಮೇಷ್ಟ್ರೇ, ತಿಂಗಳಿಗೆ ಸಂಬಳ.
ನನ್ನ ಮಗಳಿಗೆ ಹೆಣ್ಣು ಹುಟ್ಟಿತೆಂದು
ನಾನು ಓದಿದ್ದು ಈ ಬಿಟ್ಟಿ ಬಾಗಿಲಲ್ಲೇ.’
ಅದೂ ಸುಳ್ಳಲ್ಲ.
ಮೇಷ್ಟ್ರು ಕೂತರು.

ಹಿಂದಿನ ಸಾಲಲ್ಲಿ ಲುಯಾಂಡೊಳ ಅಜ್ಜಿ ನಕ್ಕಳು, ಹಲ್ಲಿಲ್ಲದೆ.
ಅವಳು ಚಿಕ್ಕವಳಿದ್ದಾಗ ಜಾಂಬೆಜಿಗೆ ಗೋಡೆ ಕಟ್ಟಿದರು.
ನೀರಿನಿಂದ ಬೆಳಕು ಬರುತ್ತದೆ ಎಂದಿದ್ದರು.
ಬಂತು. ಬರಲಿಲ್ಲ ಅನ್ನುವಂತಿಲ್ಲ.
ಅವಳಪ್ಪನ ಹೊಲ, ಅಜ್ಜನ ಗೋರಿ ನೀರಡಿಗೆ ಹೋದವು;
ಬೆಳಕು ತಂತಿ ಹಿಡಿದು ಅವಳ ತಲೆಯ ಮೇಲಿಂದಲೇ
ದೂರದ ತಾಮ್ರದ ಗಣಿಗೆ ನಡೆಯಿತು.
‘ನದಿಗೆ ಗೇಟು ಇಟ್ಟವನು
ಬಾಯಾರಿದವರನ್ನು ಮೊದಲೇ ಎಣಿಸಿರುತ್ತಾನೆ, ಮಗಾ.’
ಟೀ ಶರ್ಟು ಮಾತ್ರ ಬಿಡಲಿಲ್ಲ. ಜೂನಿನ ಚಳಿಗೆ ಬೇಕಲ್ಲ.

ಇವತ್ತು ಸಂಜೆ ಗಾಳಿಯ ಎಚ್ಚರಿಕೆ ಬಂತು, ತಲೆಬರಹ ಮಾತ್ರ:
‘ಕರಿಬಾ ಸರೋವರದಲ್ಲಿ ಈ ರಾತ್ರಿ...’
ಯಾವ ಹೊತ್ತಿಗೆ, ಯಾವ ದಂಡೆಗೆ, ಎಷ್ಟು ಬಿರುಸು,
ಉಳಿದದ್ದೆಲ್ಲ ಎರಡು ಕ್ವಾಚಾದ ಆಚೆ.
ಎರಡು ಕ್ವಾಚಾ ಅವಳ ಚಿಟೆಂಗೆಯ ಗಂಟಿನಲ್ಲಿತ್ತು.
ಕರೆನ್ಸಿ ಮಾರುವ ಹುಡುಗ ಮನೆಗೆ ಹೋಗಿಯಾಗಿತ್ತು.
ತಮ್ಮ ಚೋಲ್ವೆ ದೀಪ ಹೊತ್ತು ನೀರಿಗಿಳಿದಾಗಿತ್ತು.

ಬೂದು ಚೌಕವನ್ನು ಒತ್ತಿದಳು. ಮತ್ತೆ ಒತ್ತಿದಳು.
ಕೊನೆಗೆ, ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ,
ಬಾಗಿಲ ಒಳಗೇ ಬರೆದಳು:
ತಮ್ಮ ನೀರಿನಲ್ಲಿದ್ದಾನೆ. ದೋಣಿ ಹಳೆಯದು.
ತೇಲುವ ಡ್ರಮ್ಮಿಗೆ ಒಂದು ತೂತು, ಟಾರು ಮೆತ್ತಿದ್ದೇವೆ.
ಗಾಳಿ ಎಷ್ಟು ಹೊತ್ತಿಗೆ, ಯಾರಿಗಾದರೂ ಗೊತ್ತೆ?

ಹನ್ನೊಂದು ಹೃದಯಗಳು ಬಂದವು.
ಯಾರೋ ಅಳುವ ಮುಖ ಕಳಿಸಿದರು.

ದಂಡೆಯಲ್ಲಿ ನಿಂತು ದೂರದ ದೀಪ ಎಣಿಸಿದಳು.
ಹದಿನಾಲ್ಕು.
ಗಾಳಿ ಎದ್ದ ಮೇಲೆ ಒಂಬತ್ತು.
ಆಮೇಲೆ ಎಣಿಸಲಿಲ್ಲ.

ಬೆಳಗಿಗೆ ಚೋಲ್ವೆ ಬಂದ, ತೊಯ್ದು, ಬೈಯುತ್ತ,
ಬಲೆಯಿಲ್ಲ, ದೀಪವಿಲ್ಲ, ಒಂದು ಚಪ್ಪಲಿಯೂ ಇಲ್ಲ.
ಬೆನ್ನಿಗೆ ಎರಡು ಬಿಗಿದು
ನ್ಶಿಮಾ ಬಡಿಸಿದಳು.

ಫೋನು ಮಿಣುಕಿತು:
‘ದೋಣಿ ಹಳೆಯದಾಯಿತೇ? ಸುಲಭ ಸಾಲ.’
‘ನೀರಿನಲ್ಲಿ ದುಡಿಯುವ ತಮ್ಮನಿಗೊಂದು ವಿಮೆ.’
ಈ ಚಿತ್ರಗಳಿಗೆ ಬೂದು ಚೌಕವಿಲ್ಲ.
ಬಣ್ಣ ಬಣ್ಣ. ಎಲ್ಲ ಬಿಟ್ಟಿ.

ಗಾದೆಯ ಸುಂಕದವನು ಪಾಪ, ಕೇಳಿಸಿಕೊಳ್ಳುತ್ತಿರಲಿಲ್ಲ,
ಕಾಸು ಎಣಿಸಿ ಮುಖ ತಿರುಗಿಸುತ್ತಿದ್ದ.
ಇವನು ಕೇಳುತ್ತಾನೆ, ಒಂದಕ್ಷರ ಬಿಡದೆ.
ಕೇಳುವುದೇ ಸುಂಕ.

ಎಂಟು ಗಂಟೆಗೆ ಕರೆನ್ಸಿಯ ಹುಡುಗ ಕೊಡೆ ಬಿಚ್ಚಿದ.
ಲುಯಾಂಡೊ ಗಂಟು ಬಿಚ್ಚಿದಳು, ಎರಡು ಕ್ವಾಚಾ ಕೊಟ್ಟಳು,
ನಿನ್ನೆಯ ಗಾಳಿಯನ್ನು ಕೊಂಡು ಓದಿದಳು:
ರಾತ್ರಿ ಹತ್ತೂವರೆ, ಉತ್ತರ ದಂಡೆ.
ಸಣ್ಣ ದೋಣಿಗಳು ಇಳಿಯಬಾರದು.