ಬಾಗಿಲ ಹಲಗೆ

ಬರುವುದಾದರೆ ಗುರುವಾರ ಬಾ, ರುಕ್ಸಾರ್,
ನನಗೆ ರಜೆ ಅವತ್ತೇ.
ಶನಿವಾರ ಸಾಣಾಪುರದ ಕೆರೆಯಲ್ಲಿ
ಬಂಡೆಗಳಿಗಿಂತ ಜನ ಹೆಚ್ಚು,
ಹರಗೋಲಿಗೆ ಹರಗೋಲು ಡಿಕ್ಕಿ,
'ಇನ್ನೊಂದು ಸುತ್ತು ತಿರುಗಿಸಣ್ಣಾ' ಎಂದು ಕಿರುಚುವ ಹುಡುಗರು.

ಹತ್ತಕ್ಕೆ ಗಾಳಿ ಏಳುತ್ತದೆ.
ಅದಕ್ಕೇ ಆರೂವರೆಗೆ,
ಗಂಗಾವತಿಯ ಮಿಲ್ಲುಗಳಿಂದ ಬೇಯುವ ಭತ್ತದ ವಾಸನೆ
ಸ್ಕೂಟಿಯ ಬೆನ್ನು ಹತ್ತಿ ಬರುವಾಗಲೇ
ದಂಡೆ ಮುಟ್ಟಬೇಕು.
ಸುರುಳಿ ಬಿಚ್ಚಿ, ಪಂಪಿನಿಂದ ಹಲಗೆಗೆ ಗಾಳಿ ತುಂಬಬೇಕು,
ಇನ್ನೂರ ನಲವತ್ತು ಸಲ (ಎಣಿಸಿದ್ದೇನೆ).
ಮೊದಲು ಮೊಣಕಾಲು.
ಮೇಟ್ರನ್ ಮುಂದೆಯೂ ತಲೆ ತಗ್ಗಿಸದವಳು
ನೀರಿಗೆ ಮಂಡಿಯೂರುತ್ತೇನೆ.
ಆಮೇಲೆ ಒಂದು ಪಾದ, ಆಮೇಲೆ ಇನ್ನೊಂದು,
ನಡುವಿನ ನಡುಕವನ್ನೆಲ್ಲ ಕಾಲ್ಬೆರಳಿಗೆ ಕಳಿಸಿ
ನಿಲ್ಲುವುದು.
ಹೆರಿಗೆ ವಾರ್ಡಿನಲ್ಲಿ ವಾರವಿಡೀ ಹುಟ್ಟು ಕಂಡ ಕೈಗೆ
ಇಲ್ಲಿ ಒಂದೇ ಹುಟ್ಟು.
ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು.
ಯಾರೂ ಅಳುವುದಿಲ್ಲ.

ಬೇರೆ ಎಲ್ಲೆಲ್ಲಿ ಚೆಂದ ಅಂತ ಕೇಳಿದೆಯಲ್ಲ,
ಕಾರವಾರದಲ್ಲಿ ಒಮ್ಮೆ ನಿಂತೆ, ಅಂದರೆ ನಿಲ್ಲಲು ನೋಡಿದೆ.
ಕಡಲಿಗೆ ಯಾವಾಗಲೂ ಏನೋ ಹೇಳುವುದಿರುತ್ತದೆ,
ಇನ್ನೊಬ್ಬರ ಮಾತು ಮುಗಿಯಲು ಬಿಡದ ಹೆಂಗಸಿನ ಹಾಗೆ.
ಮೂಗಿನ ತುಂಬ ಉಪ್ಪು,
ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ.

ಮುನಿರಾಬಾದಿನ ಹಿನ್ನೀರು
ಡಿಸೆಂಬರಿನಲ್ಲಿ ಒಳ್ಳೆಯದು.
ಪಟ್ಟೆತಲೆಯ ಹೆಬ್ಬಾತುಗಳು ಎಲ್ಲಿಂದಲೋ ಬಂದು
ಕಡಲೆ ಹೊಲಕ್ಕಿಳಿದು ಬೈಗುಳ ತಿನ್ನುತ್ತವೆ.
ಆದರೆ ಆಚೆ ದಡ ಕಾಣದು.
ದಡ ಕಾಣದ ಕಡೆ
ನನ್ನ ಕಾಲು ನನಗೇ ಸುಳ್ಳು ಹೇಳುತ್ತದೆ.

ರಾಯಚೂರಿನ ಕೃಷ್ಣೆ?
ಅಲ್ಲಿ ಬಂಡೆಗಳಿಗೆ ಹಲ್ಲಿವೆ.
ಒಮ್ಮೊಮ್ಮೆ ಬಾಯಿ ತೆರೆದು ಬಿಸಿಲು ಕಾಯಿಸುತ್ತವೆ.
ಅಲ್ಲಿ ನಾನು ದಂಡೆಯ ಮೇಲಿನ ಅಭಿಮಾನಿ ಅಷ್ಟೇ,
ಕೈಯಲ್ಲಿ ಮಂಡಾಳು ಒಗ್ಗರಣೆ.

ಹೊಳೆಗಂತೂ ಹಲಗೆ ಹಾಕಬೇಡ.
ಹೊಳೆ ಹೊರಟಿರುತ್ತದೆ.
ಹೊರಟವರ ಬೆನ್ನ ಮೇಲೆ ನಿಲ್ಲಬಾರದು.

ಸುತ್ತಿ ಬಳಸಿ ಇದೇ ಕೆರೆ, ಇದೇ ಮೂಲೆ,
ಆನೆ ಮಲಗಿದಂಥ ಗುಂಡಿನ ನೆರಳು ಮುಗಿಯುವಲ್ಲಿ.
ಕಾಲುವೆ ನಿಂತ ಬೇಸಿಗೆಯಲ್ಲಿ ನೀರಿಳಿದಾಗ
ಇಲ್ಲೊಂದು ಒರಳು ಕಂಡಿತ್ತು, ಬಂಡೆಯಲ್ಲೇ ಕೊರೆದದ್ದು.
ಒಳಗೆ ಬೊಗಸೆ ಬಿಸಿನೀರು, ಒಂದು ಕಪ್ಪೆ.
'ನಿಮ್ಮಜ್ಜಿ ಇಲ್ಲೇ ನವಣಿ ಕುಟ್ತಿದ್ಲು,' ಅಂದ ತಾಯಪ್ಪ ಕಾಕಾ,
ಬೀಡಿ ಹಚ್ಚುತ್ತ, ದೊಡ್ಡ ಸಂಗತಿಯೇನಲ್ಲ ಎಂಬಂತೆ.
ಈಗ ಅದರ ಮೇಲೆ ಎರಡಾಳು ನೀರು,
ನೀರಿನ ಮೇಲೆ ನಾಲ್ಕು ಬೆರಳು ಗಾಳಿ,
ಗಾಳಿಯ ಮೇಲೆ ನಾನು.
ಇಲ್ಲಿಗೆ ಬಂದಾಗ ಹುಟ್ಟು ಎತ್ತಿಬಿಡುತ್ತೇನೆ.
ಹನಿ ತೊಟ್ಟಿಕ್ಕುವುದು ಕೇಳುತ್ತದೆ.

ಕಾಕಾನ ಹರಗೋಲಿಗೆ ಇಪ್ಪತ್ತೆರಡು ವರ್ಷ,
ಬಿದಿರು ಬದಲಾಗಿದೆ, ಚೀಲ ಬದಲಾಗಿದೆ, ಡಾಂಬರು ಬದಲಾಗಿದೆ,
ಹರಗೋಲು ಮಾತ್ರ ಅದೇ ಅನ್ನುತ್ತಾನೆ.
ನನ್ನ ಹಲಗೆ ಕಂಡ ಮೊದಲ ದಿನ
'ಯಾರ ಮನಿ ಬಾಗ್ಲಾ ಕಿತ್ಕೊಂಡು ಬಂದೀಯವಾ?'
ಎಂದು ಇಡೀ ದಂಡೆಗೆ ಕೇಳಿಸಿದ.
ಚಹಾದಂಗಡಿಯ ಹುಲಿಗೆಮ್ಮ ಈಗಲೂ
'ಬಾಗ್ಲಾ ಬಂತು, ಬಾಗ್ಲಾ ಬಂತು' ಅಂತಲೇ ಸಕ್ಕರೆ ಹಾಕುತ್ತಾಳೆ.

ಹೋದ ವಾರ
ಯಾರೂ ಇಲ್ಲದ್ದು ನೋಡಿಕೊಂಡು ಬಂದ.
ಬರಿಗಾಲಲ್ಲಿ ಹಲಗೆಯನ್ನು ಒತ್ತಿ ನೋಡಿ,
ಎತ್ತಿನ ಹಲ್ಲು ನೋಡುವವನಂತೆ ಸುತ್ತ ಹೋಗಿ,
'ಇದಕ್ಕ ಮುಂದ ಯಾವ್ದು, ಹಿಂದ ಯಾವ್ದು?'
ಹರಗೋಲಿಗೆ ಎರಡೂ ಇಲ್ಲವಲ್ಲ.
ತೋರಿಸಿದೆ. ಒಪ್ಪಲಿಲ್ಲ.
ಜಾಕೆಟ್ ತೊಡು ಅಂದೆ. ಬೈದ. ತೊಟ್ಟ.
ನಟ್ಟನಡುವೆ ಚಕ್ಕಳಮಕ್ಕಳ ಕೂತು
ತನಗೆ ಗೊತ್ತಿರುವ ಒಂದೇ ರೀತಿಯಲ್ಲಿ ಹುಟ್ಟು ಹಾಕಿದ.
ಬಾಗಿಲು ತಿರುಗತೊಡಗಿತು,
ಗುಡ್ಡ, ಚಹಾದಂಗಡಿ, ನಾನು, ಮತ್ತೆ ಗುಡ್ಡ.
'ಒಂದು ಕಡೆ ಹಾಕಬೇಡ, ಕಾಕಾ!'
ಕೇಳಿಸಿದರೂ ಕೇಳಿಸದ ಮುಖ.
ಆಮೇಲೆ ಏನನ್ನಿಸಿತೋ, ಎದ್ದು ನಿಂತ.
ಎಷ್ಟು ಹೊತ್ತು ಅಂತ ಹೇಳಲಾರೆ,
ಒಂದು ಕೊಕ್ಕರೆ ಈ ಬಂಡೆಯಿಂದ ಆ ಬಂಡೆಗೆ ಹೋಗುವಷ್ಟು.

ಈಜಿ ಬಂದ, ಬೀಡಿಕಟ್ಟು ಹಿಂಡುತ್ತ.
'ಬರೋ ಗುರುವಾರ ಇರ್ತೀಯೇನು?'

ರುಕ್ಸಾರ್, ಬರುವಾಗ ಒಣ ಟವೆಲ್ ತಾ.
ಎರಡು ತಾ.