ಡಾಂಬರಿನ ಅಂಚು

ಕೂಮ್ ಹೆಲಿಗ್ ಕಣಿವೆಗೆ ಹತ್ತೊಂಬತ್ತು ವರ್ಷದಿಂದ
ಟಪಾಲು ಹಂಚುವವಳು ನಾನು.
ಯಾರ ಮನೆಯ ನಾಯಿ ಕಚ್ಚುತ್ತದೆ,
ಯಾರ ಮನೆಯದು ಬರೀ ಬೊಗಳುತ್ತದೆ, ಬಲ್ಲೆ.

ಇದ್ವಾಲ್ ಪೆನ್ರಿಗೆ ಬರುತ್ತಿದ್ದದ್ದು ಎರಡೇ ಬಗೆಯ ಲಕೋಟೆ:
ತಿಂಗಳಿಗೊಮ್ಮೆ ಪಿಂಚಣಿಯದು,
ವರ್ಷಕ್ಕೊಮ್ಮೆ, ಜೂನ್‌ನಲ್ಲಿ,
ಯಾರೋ ಮುದುಕಿಯ ನಡುಗುವ ಅಕ್ಷರದ ನೀಲಿ ಕಾಗದ.
ನೀಲಿಯದನ್ನು ಗೇಟಿನ ಬಳಿಯೇ ಕಾದು ಈಸಿಕೊಳ್ಳುತ್ತಿದ್ದ,
ಒಡೆಯದೆ ಅಂಗಿಯೊಳಗೆ ಸೇರಿಸುತ್ತಿದ್ದ.
ನಾಲ್ಕು ವರ್ಷದ ಹಿಂದೆ ಅದೂ ನಿಂತಿತು.
ನಾನು ಕೇಳಲಿಲ್ಲ. ಅವನು ಜೂನ್ ಪೂರ್ತಿ ಗೇಟಿನ ಬಳಿ ನಿಂತಿದ್ದ.

ಇವತ್ತು ಅವನ ಹೆಸರಲ್ಲಿ ನಡಿಗೆ.
ಬ್ಯಾಂಡು ಬೇಡ ಎಂದಳು ನೆಸ್ಟ. ಬಾವುಟವೂ ಬೇಡ.
"ಅವರು ದಿನಾ ನಡೆದಷ್ಟು ನಡೆಯೋಣ, ಸಾಕು."

ದಿನಾ ನಡೆದದ್ದು
ಮನೆಯಿಂದ ಮುಚ್ಚಿದ ಸ್ಲೇಟುಗಣಿಯ ಗೇಟಿನವರೆಗೆ,
ಮೂರು ಮೈಲಿ, ಡಾಂಬರಿನ ನಟ್ಟನಡುವೆ.
ಹಾಲಿನ ಲಾರಿ ಎದುರಾದರೂ ಹುಲ್ಲಿಗೆ ಇಳಿದವನಲ್ಲ.
ಲಾರಿಯೇ ನಿಲ್ಲಬೇಕು.
ಚಾಲಕರು ಮೊದಮೊದಲು ಬೈದರು,
ಆಮೇಲೆ ಎಂಜಿನ್ ಆರಿಸಿ
ಸಿಗರೇಟು ಹಚ್ಚುವುದನ್ನು ಕಲಿತರು.

ದಕ್ಷಿಣದ ಆ ದ್ವೀಪಗಳಲ್ಲಿ ನೆಲಬಾಂಬು ಹುಡುಕಿದವನು.
ಇಪ್ಪತ್ತೆರಡರ ಹುಡುಗ, ಹೊಟ್ಟೆಯಡಿಯಾಗಿ ಮಲಗಿ,
ಕತ್ತಲಲ್ಲಿ ಬಿದ್ದ ಸೂಜಿಯನ್ನು ತಡಕುವ ಹಾಗೆ
ಸಲಾಕೆಯಿಂದ ಮಣ್ಣು ಚುಚ್ಚುತ್ತ
ಒಂದಂಗುಲ, ಮತ್ತೊಂದಂಗುಲ.
ಯುದ್ಧ ಮುಗಿದು ಉಳಿದವರೆಲ್ಲ ಹಡಗು ಹತ್ತಿದ ಮೇಲೂ
ಅವನಿಗೆ ಮುಗಿದಿರಲಿಲ್ಲ.
ಜೊತೆಗಾರನೊಬ್ಬ ಗುರುತಿನ ಪಟ್ಟಿಯಿಂದಾಚೆ
ಒಂದು ಹೆಜ್ಜೆ ಇಟ್ಟನಂತೆ, ಉಚ್ಚೆ ಹೊಯ್ಯಲು.
ಒಂದೇ ಹೆಜ್ಜೆ.
ಇದೂ ನಮಗೆ ಗೊತ್ತಾದದ್ದು
ಇವನ ಪೆಟ್ಟಿಗೆ ಮಣ್ಣಿಗಿಳಿದ ಮೇಲೆ.

ಅವನ ಬಾಯಿಂದ ಊರು ಕೇಳಿದ್ದು ಒಂದೇ ಕಥೆ,
ಶಾಲೆಯ ಮಕ್ಕಳು ಪೀಡಿಸಿದ ದಿನ:
"ಬೇಲಿಯೊಳಗೆ ಪೆಂಗ್ವಿನ್‌ಗಳು ಸಂಸಾರ ಹೂಡಿದ್ದವು.
ಹಗುರ ಜೀವ. ಮೇಲೆ ಕುಣಿದಾಡಿದರೂ
ಕೆಳಗೆ ಮಲಗಿದ್ದಕ್ಕೆ ಎಚ್ಚರವಾಗದು.
ನಾವು ಈಚೆ ನಿಂತು ಹೊಟ್ಟೆ ಉರಿದುಕೊಳ್ಳುತ್ತಿದ್ದೆವು."
ಮಕ್ಕಳು ನಕ್ಕರು.
ಅವನೂ ನಕ್ಕ, ಸ್ವಲ್ಪ ತಡವಾಗಿ.

ಅರವತ್ತು ಮಂದಿ ಸೇರಿದ್ದೆವು.
ಮಳೆ ಬರುವ ಹಾಗಿತ್ತು, ಬರಲಿಲ್ಲ.
ಯಾರೂ ಹೇಳಿಕೊಡದೆ ಒಬ್ಬರ ಹಿಂದೆ ಒಬ್ಬರಾದೆವು,
ಮುಂದಿನವರು ಕಾಲೆತ್ತಿದ ಜಾಗದಲ್ಲೇ ನಮ್ಮ ಕಾಲು.
ಕಸಾಯಿ ಗೆರಾಂಟ್‌ನ ದೊಡ್ಡ ಪಾದ
ನೆಸ್ಟಳ ಪುಟ್ಟ ಹೆಜ್ಜೆಯೊಳಗೆ ಹಿಡಿಸದೆ ತಡವರಿಸಿತು.
ಎಲ್ಲೋ ಹಿಂದಿನಿಂದ ಪುಟ್ಟ ಕಾಡಿಯ ದನಿ:
"ಅಪ್ಪಾ, ನಾನು ಪೆಂಗ್ವಿನ್‌ನಷ್ಟು ಹಗುರ ಇದ್ದೀನಾ?"
ಅಪ್ಪ ಉತ್ತರ ಕೊಡಲಿಲ್ಲ.
ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

ಎರಡನೆಯ ಸೇತುವೆ ದಾಟಿದ ಮೇಲೆ ನೆಸ್ಟ ನಿಂತಳು.
ಅಲ್ಲಿಂದ ಹುಲ್ಲು ಹೊಳೆಯವರೆಗೂ ಇಳಿಜಾರು.
"ನಲವತ್ತು ವರ್ಷ," ಎಂದಳು, ಯಾರ ಮುಖವನ್ನೂ ನೋಡದೆ,
"ಬುತ್ತಿ ತಂದಾಗಲೆಲ್ಲ ಈ ಕಲ್ಲುಗೋಡೆಯ ಮೇಲೇ ಕೂತು ತಿಂದೆವು.
ನೀರು ಅಗೋ, ಅಲ್ಲೇ ಕಾಣುತ್ತದೆ.
ಒಮ್ಮೆ ಇಳಿದಿದ್ದೆ, ಮದುವೆಯಾದ ಹೊಸದು.
ತಿರುಗಿ ಅವರ ಮುಖ ನೋಡಿದವಳು
ಮತ್ತೆ ಇಳಿಯಲಿಲ್ಲ."

ಬೂಟು ಬಿಚ್ಚಿದಳು. ಕಾಲುಚೀಲ ಕಳಚಿ
ಮಡಿಸಿ ಬೂಟಿನೊಳಗಿಟ್ಟಳು, ಅದೇನು ಅವಸರವಿಲ್ಲ ಎಂಬಂತೆ.
ಡಾಂಬರಿನ ಅಂಚಿಗೆ ಬಂದಳು.

ಅರವತ್ತು ಎದೆಗಳು ಉಸಿರು ಬಿಗಿಹಿಡಿದವು,
ನಮ್ಮದೇ ಊರ ಹುಲ್ಲಿಗೆ ಹೆದರಿ.

ಕಾಲಿಟ್ಟಳು.

ಒಂದು ಕುರಿ ತಲೆಯೆತ್ತಿ ನೋಡಿ
ಮತ್ತೆ ಮೇಯತೊಡಗಿತು.

ಕಾಡಿ ಕೈ ಕೊಸರಿಕೊಂಡು ಓಡಿದಳು.
ಆಮೇಲೆ ಅವಳಪ್ಪ, ಆಮೇಲೆ ಗೆರಾಂಟ್, ಆಮೇಲೆ ಯಾರ್ಯಾರೋ,
ಹೊಸದಾಗಿ ನಡೆಯಲು ಕಲಿತವರಂತೆ ತೋಳು ಚಾಚಿ.
ಗಣಿಯ ಗೇಟು ಇನ್ನೂ ಒಂದು ಮೈಲಿ ಇತ್ತು.

ನಾನೊಬ್ಬಳು ರಸ್ತೆಯ ನಡುವೆ ಉಳಿದೆ.
ಹೆಗಲಲ್ಲಿ ಚೀಲ; ರಜೆಯ ದಿನವೂ ಯಾಕೆ ತಂದಿದ್ದೆನೋ.
ತಿರುವಿನಲ್ಲಿ ಹಾಲಿನ ಲಾರಿ ಕಾಣಿಸಿತು,
ನನ್ನೆದುರು ಬಂದು ನಿಂತಿತು.
ಚಾಲಕ ಎಂಜಿನ್ ಆರಿಸಿದ.
ಸಿಗರೇಟು ಹಚ್ಚಲಿಲ್ಲ.