ಕೈಗುಣ

ಬೀಗದ ಕೈ ಅಂತ ಯಾರು ಹೆಸರಿಟ್ಟರೋ,
ಕೈಯೇ ಇದು. ಒಳಗೆ ಹೋಗಿ
ಏನನ್ನೋ ಹಿಡಿದುಕೊಂಡು ಬಿಡಲೊಲ್ಲದು.

ಅರಸೀಕೆರೆ ಸ್ಟೇಷನ್ ರಸ್ತೆ, ಬೆಳಗ್ಗೆ ಏಳೂ ಕಾಲು.
ಗಾಡಿ ಬಂದು ಹೋಗಿ, ಆಟೋಗಳೆಲ್ಲ ತುಂಬಿ ಹೊರಟ ಜಾಗದಲ್ಲಿ
ನನ್ನ ಕಾರು ಅಡ್ಡ ನಿಂತಿದೆ,
ನೆತ್ತಿಯ ಮೇಲೆ ಕೆಂಪು ಎಲ್ ಬೋರ್ಡು ಹೊತ್ತು.
ಇಂಜಿನ್ ಆರಿದೆ. ಕೀ ಮಾತ್ರ
ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು.

ಸ್ಟೇರಿಂಗ್ ಹಿಂದೆ ಸಾಕಮ್ಮ.
ಐವತ್ತೊಂದು ವರ್ಷ, ಅಂಗನವಾಡಿ ಟೀಚರ್,
ಇವತ್ತಿಗೆ ಹನ್ನೊಂದನೇ ಕ್ಲಾಸು.
ಎರಡೂ ಕೈ ಮಡಿಲಿಗೆ ಎಳೆದುಕೊಂಡು
"ನನ್ನಿಂದಾಯ್ತಾ ಮೇಡಂ?" ಅಂದರು.
"ನನ್ನ ಕೈಗುಣವೇ ಅಂಥಾದ್ದು.
ಮದುವೆಯಾದ ವರ್ಷ ಅತ್ತೆಮನೆ ರೇಡಿಯೋ ಮುಟ್ಟಿದೆ, ನಿಂತಿತು.
ಆಮೇಲೆ ಮಿಕ್ಸಿ. ಆಮೇಲೆ ನಾದಿನಿಯ ಹೊಲಿಗೆ ಮಿಷನ್ನು..."
ಮೂವತ್ತು ವರ್ಷ ಮನೆಯವರು ಹೇಳಿಕೊಟ್ಟ ಪಟ್ಟಿಯನ್ನು
ಮಗ್ಗಿಯ ಹಾಗೆ, ಒಂದೂ ತಪ್ಪದೆ ಒಪ್ಪಿಸಿದರು.

ಗೊತ್ತಿದ್ದದ್ದೆಲ್ಲ ಮಾಡಿದೆ.
ಗೇರು ನ್ಯೂಟ್ರಲ್. ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ
ತೊಟ್ಟಿಲು ತೂಗಿದಂತೆ ತೂಗುತ್ತ ಕೀ ತಿರುಗಿಸಿದೆ.
ಊದಿದೆ. ಬೈದೆ.
ಬೈಗುಳಕ್ಕೆ ತೆರೆಯುವ ಬೀಗ ಇನ್ನೂ ಹುಟ್ಟಿಲ್ಲ.
ಟೀ ಅಂಗಡಿಯಿಂದ ಮೂವರು ಗಂಡಸರು ಬಂದರು.
ಒಬ್ಬ ಹಲ್ಲು ಕಚ್ಚಿ ಎಳೆದ.
ಒಬ್ಬ "ಈ ಹೆಂಗಸರ ಡ್ರೈವಿಂಗು..." ಅಂತ ಶುರುಮಾಡಿ
ನನ್ನ ಮುಖ ನೋಡಿ ಟೀ ಜೊತೆ ನುಂಗಿಕೊಂಡ.
ಮೂರನೆಯವನು ಸುಮ್ಮನೆ ನೋಡಲು ಬಂದಿದ್ದ.

ಕೊನೆಗೆ ಸ್ಟೇಷನ್ ಗೇಟಿನ ಕೊಡೆಯಡಿಯಿಂದ
ಮೋನಾಚಾರಿ ಎದ್ದು ಬಂದರು.
ಹೆಸರಿಗೆ ತಕ್ಕ ಮನುಷ್ಯ, ಮಾತು ಕಮ್ಮಿ.
ಕೀ ಮುಟ್ಟಲಿಲ್ಲ. ಬಾಗಿ ಮೊದಲು ಮೂಸಿದರು.
"ಕೊಬ್ಬರಿ ಎಣ್ಣೆ ಬಿಟ್ಟೋರು ಯಾರು?"

ನಾನೇ. ಯುಗಾದಿ ಕಳೆದ ಮೇಲೆ.
ಈ ಊರಲ್ಲಿ ಹುಟ್ಟಿದವಳು ನಾನು:
ತಲೆನೋವಿಗೆ, ಮಂಡಿನೋವಿಗೆ, ಕಿರುಗುಟ್ಟುವ ಕದಕ್ಕೆ
ಇನ್ನೇನು ಬಿಡುತ್ತಾರೆ ಇಲ್ಲಿ?
"ಎಣ್ಣೆಗೆ ಧೂಳು ಕೂತು ಅಂಟಾಗಿದೆ."
ಆಮೇಲೆ ಕೀಗೆ ನೇತಾಡುವ ಗೊಂಚಲನ್ನು
ಅಂಗೈಯಲ್ಲಿ ಎತ್ತಿ ತೂಕ ನೋಡಿದರು,
ಸಂತೆಯಲ್ಲಿ ಕೋಳಿ ನೋಡುವವರ ಹಾಗೆ.
"ಇಷ್ಟು ಭಾರ ಜಗ್ಗಿದರೆ ಒಳಗೆ ಸವೆಯದೆ ಏನಾಗುತ್ತೆ?"

ಆಫೀಸಿನ ಶಟರು. ಬೀರು. ನೀರಿನ ಮೋಟರಿನ ಪೆಟ್ಟಿಗೆ.
ಮಾರಿ ಆರು ವರ್ಷವಾದ ಲೂನಾ.
ಯಾವುದರದ್ದು ಅಂತ ನನಗೇ ಗೊತ್ತಿಲ್ಲದ ಎರಡು.
ಸಾಕಮ್ಮನ ಕಡೆ ನೋಡಲಿಲ್ಲ ನಾನು.

ಸಿರಿಂಜಿನಲ್ಲಿ ನಾಲ್ಕು ಹನಿ ಪೆಟ್ರೋಲು,
ಒಂದು ಬೀಡಿಯಷ್ಟು ಹೊತ್ತು ಕಾಯುವುದು
(ಬೀಡಿ ಕಾರಿನಿಂದ ಹತ್ತು ಮಾರು ದೂರ),
ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಟಕ್, ಟಕ್.
ಬಂತು,
ನಿದ್ದೆ ಹತ್ತಿದ ಮಗು ಬೆರಳು ಬಿಟ್ಟ ಹಾಗೆ.

"ಪೆನ್ಸಿಲ್ ಇದೆಯಾ?"
ಗಂಡಸರು ಜೇಬು ತಡವಿಕೊಂಡರು: ಫೋನು, ಚಿಲ್ಲರೆ, ಅಡಿಕೆ ಚೂರು.
ಸಾಕಮ್ಮ ಬ್ಯಾಗು ತೆರೆದರು.
ಮೊಟ್ಟೆ ಲೆಕ್ಕದ ಪುಸ್ತಕದ ಕೆಳಗೆ
ಯಾವುದೋ ಮಗು ಬುಡ ಕಚ್ಚಿದ ಮೋಟು ಪೆನ್ಸಿಲು.
ಆಚಾರಿ ಅದನ್ನು ಈಸಿಕೊಳ್ಳಲಿಲ್ಲ, ಕೀಯನ್ನೇ ಅವರ ಕೈಗಿಟ್ಟರು.
"ಉಜ್ಜಿ. ಹಲ್ಲಿನ ಸಂದಿಗೂ."

ಗೆರೆ ದಾಟದಂತೆ ಬಣ್ಣ ತುಂಬುವುದು ಹೇಗೆಂದು
ಮಕ್ಕಳಿಗೆ ತೋರಿಸುವ ಹಾಗೆ
ನಾಲಿಗೆ ತುದಿ ಹೊರಗಿಟ್ಟು ಉಜ್ಜಿದರು ಸಾಕಮ್ಮ,
ಕೀ ನೇರಳೆಹಣ್ಣು ತಿಂದ ಬಾಯಾಗುವ ತನಕ.
ಒಳಗೆ, ಹೊರಗೆ. ಒಳಗೆ, ಹೊರಗೆ.
ಮೂರನೇ ಸಲಕ್ಕೆ ತಡೆಯೇ ಇಲ್ಲ.

"ಎಂಬತ್ತು ರೂಪಾಯಿ. ಪೆನ್ಸಿಲು ನಿಮ್ಮದು, ಎಪ್ಪತ್ತು ಕೊಡಿ."

ಗೊಂಚಲು ಬಿಚ್ಚಿ ಡ್ಯಾಷಿನೊಳಗೆ ಎಸೆದೆ.
ಹೊರಟೆವು. ಪೋಸ್ಟಾಫೀಸಿನ ಮುಂದೆ
ಕಾರು ಕೆಮ್ಮಿ, ಕುಪ್ಪಳಿಸಿ, ನಿಂತೇಬಿಟ್ಟಿತು.
ಕಪ್ಪು ಮೆತ್ತಿದ ಬೆರಳುಗಳನ್ನು ನೋಡಿಕೊಂಡರು ಸಾಕಮ್ಮ,
ಆಮೇಲೆ ನನ್ನನ್ನು.

"ಕೈ ಅಲ್ಲ," ಅಂದೆ. "ಕ್ಲಚ್ಚು. ಕಾಲು ಬೇಗ ಬಿಟ್ಟಿರಿ."

"ಓ," ಅಂದರು, "ಹಾಗಾದರೆ ಕಾಲ್ಗುಣ!"
ಹಿಂದಿನ ಬಸ್ಸು ಹಾರನ್ನು ಒತ್ತುತ್ತಲೇ ಇತ್ತು.
ಇವರು ನಕ್ಕು ಮುಗಿಸಿ, ಸೆರಗಿಗೆ ಕೈ ಒರೆಸಿ,
ನನ್ನನ್ನು ಕೇಳದೆ
ಕೀ ತಿರುಗಿಸಿದರು.